ಮೈ ಕಡೆಯ ಚೆಂಡು

ಸದ್ದು ಬೇರೆ, ಕೂದಲೆಳೆಯಷ್ಟು ಬೇರೆ — ಜೂನ್ ತಿಂಗಳ ಮೊದಲ ವಾರ, ಬೆಳಗಿನ ಆರೂವರೆ, ಕಬ್ಬಿನ ಗದ್ದೆಯ ಇಬ್ಬನಿ ಇನ್ನೂ ಆರಿಲ್ಲ, ಸಕ್ಕರೆ ಕಾರ್ಖಾನೆಯ ಚಿಮಣಿ ಆ ಹಂಗಾಮಿನ ಕೊನೆಯ ಹೊಗೆ ಬಿಡುತ್ತಿದೆ, ತಗಡಿನ ಮಾಡಿನ ಕೆಳಗೆ ಬಲೆ ಕಟ್ಟಿದ ಉದ್ದನೆಯ ಓಣಿಯಲ್ಲಿ ಎಲಾದಿಯೊ ಎಸೆದ ನಲವತ್ತನೆಯ ಚೆಂಡು, ಅಥವಾ ನಲವತ್ತೊಂದನೆಯದು, ಯೆಫ್ರಿಯ ಬ್ಯಾಟಿಗೆ ತಾಗಿ ಹಿಂದಕ್ಕೆ ಹಾರಿತು, ಕಣ್ಣಿಗೆ ಚೆನ್ನಾಗಿಯೇ ಹಾರಿತು, ಬಲೆಯ ಮೇಲ್ಗಡೆ ಹೋಗಿ ಬಡಿಯಿತು, ಆದರೆ ಸದ್ದಿನ ಬುಡದಲ್ಲಿ ಏನೋ ಸೀಳು, ನೀರಿನ ಮಡಕೆಯನ್ನು ಬೆರಳಿನಿಂದ ತಟ್ಟಿದರೆ ಒಳಗೆಲ್ಲೋ ಬಿರುಕಿದೆ ಎಂದು ಹೇಳುತ್ತದಲ್ಲ, ಹಾಗೆ, ಮತ್ತು ಹುಡುಗ ಎಡಗೈಯನ್ನು ಬ್ಯಾಟಿನಿಂದ ಬಿಡಿಸಿ ಅಂಗೈಯನ್ನು ತೊಡೆಗೆ ಒರೆಸಿಕೊಂಡ, ಒಂದೇ ಸಲ, ಮೇಲಿನಿಂದ ಕೆಳಕ್ಕೆ, ಅಲ್ಲೇನೋ ಅಂಟಿದೆ ಎನ್ನುವ ಹಾಗೆ. ಬೆವರು, ಎಂದುಕೊಂಡ ಎಲಾದಿಯೊ, ಈ ದ್ವೀಪದಲ್ಲಿ ಜೂನ್ ತಿಂಗಳೆಂದರೆ ಬೆವರೇ, ಆದರೆ ಬೆವರಾದರೆ ಎರಡೂ ಕೈ ಒರೆಸಬೇಕಿತ್ತಲ್ಲ, ಬಕೆಟ್ಟಿಗೆ ಕೈ ಹಾಕಿ ಇನ್ನೊಂದು ಚೆಂಡು ತೆಗೆದ, ಎಸೆದ, ಈ ಸಲ ಬೇಕೆಂದೇ ಹುಡುಗನ ಮೈಗೆ ಹತ್ತಿರ ಎಸೆದ, ಬ್ಯಾಟಿನ ಹಿಡಿಯ ಹತ್ತಿರ ತಾಗುವಂತೆ, ಮತ್ತೆ ಅದೇ ಸೀಳು, ಮತ್ತೆ ಅಂಗೈ ತೊಡೆಗೆ. ಮುಂದಿನದನ್ನು ಹೊರಗಡೆಗೆ ಎಸೆದ, ಕೈ ಚಾಚಿದರೆ ಸಿಗುವಷ್ಟು ದೂರಕ್ಕೆ, ಸದ್ದು ಗಟ್ಟಿಯಾಗಿ, ತುಂಬಿಕೊಂಡು ಬಂತು, ಹುಡುಗ ಕೈ ಒರೆಸಲಿಲ್ಲ. ಹಾಗಾದರೆ ಬೆವರಲ್ಲ.

ಮೂವತ್ತೊಂದು ವರ್ಷದಿಂದ ಅವನು ಮಾಡುತ್ತಿರುವುದು ಇದೊಂದೇ ಕೆಲಸ, ಬೇಸ್‌ಬಾಲ್ ಅಕಾಡೆಮಿಯಲ್ಲಿ ಎದೆಯೆತ್ತರದ ಅಡ್ಡಬಲೆಯ ಹಿಂದೆ ನಿಂತು ಹೊಡೆಯಲು ಕಲಿಯುವ ಹುಡುಗರಿಗೆ ಚೆಂಡು ಎಸೆಯುವುದು, ದಿನಕ್ಕೆ ಆರು ಬಕೆಟ್, ಬಕೆಟ್ಟಿಗೆ ಅರವತ್ತು, ಲೆಕ್ಕ ಅವನು ಇಡುವುದಿಲ್ಲ, ಭುಜ ಇಡುತ್ತದೆ. ಅಕಾಡೆಮಿಗೆ ಮೂವರು ಮಾಲೀಕರು ಬಂದು ಹೋದರು, ಕೋಚ್‌ಗಳು ಎಷ್ಟು ಜನ ಬಂದರೋ, ಅಡ್ಡಬಲೆಯ ಹಿಂದೆ ಮಾತ್ರ ಎಲಾದಿಯೊನೇ, ಯಾಕೆಂದರೆ ಅವನ ಚೆಂಡು ಬ್ಯಾಟನ್ನು ತಾನೇ ಹುಡುಕಿಕೊಂಡು ಹೋಗುತ್ತದೆ ಎಂದು ಹುಡುಗರು ಹೇಳುತ್ತಾರೆ, ಅಜ್ಜನ ಚೆಂಡಿಗೆ ಕಣ್ಣಿದೆ ಕಣ್ರೋ, ಕಣ್ಣು ಮುಚ್ಚಿ ಬೀಸಿದ್ರೂ ತಾಗತ್ತೆ. ಕಣ್ಣು ಚೆಂಡಿಗಲ್ಲ. ಎದುರಿಗಿರುವವನು ನಿಂತ ಭಂಗಿ ನೋಡಿದರೆ, ಆವತ್ತು ಅವನ ಸೊಂಟ ಎಷ್ಟು ತಿರುಗುತ್ತದೆ, ರಾತ್ರಿ ನಿದ್ದೆ ಮಾಡಿದ್ದಾನೋ ಇಲ್ಲವೋ, ಮನೆಯಿಂದ ಫೋನು ಬಂದಿತ್ತೋ, ಎಲ್ಲ ತಿಳಿಯುತ್ತದೆ, ಬ್ಯಾಟು ಎಲ್ಲಿಗೆ ಬರಲು ಬಯಸುತ್ತದೋ ಅಲ್ಲಿಗೆ ಚೆಂಡು ಕಳಿಸಿದರಾಯಿತು. ಅದು ಶಾಲೆಯಲ್ಲಿ ಕಲಿತದ್ದಲ್ಲ, ಶಾಲೆ ಅವನಿಗೆ ಮೂರನೇ ತರಗತಿಗೆ ಮುಗಿದಿತ್ತು. ಯೆಫ್ರಿ ಮೊದಲ ಸಲ ಈ ಓಣಿಗೆ ಬಂದಾಗ ಹದಿನಾರು, ಪಡುವಣ ಕಡೆಯ ಕಬ್ಬು ಕಡಿಯುವವರ ಕೇರಿಯವನು, ತೋಳು ಬಿದಿರಿನ ಹಾಗೆ, ಜಾಸ್ತಿ ಮಾತಿಲ್ಲ, ಮೊದಲ ಚೆಂಡಿಗೇ ಎಲಾದಿಯೊ ಅಡ್ಡಬಲೆಯ ಹಿಂದೆ ತಲೆ ತಗ್ಗಿಸಬೇಕಾಯಿತು. ಎಲ್ಲಿ ಕಲಿತೆಯೋ ಮಗಾ, ಎಂದರೆ, ಕಸಬರಿಗೆ ಕೋಲಲ್ಲಿ ಅಜ್ಜ, ಬಾಟ್ಲಿ ಮುಚ್ಚಳ ಹೊಡೀತಾ. ಇಲ್ಲಿನ ಹುಡುಗರು ಎಲ್ಲರೂ ಹಾಗೇ, ದೊಡ್ಡ ನೀರಿನ ಬಾಟಲಿಯ ಮುಚ್ಚಳವನ್ನು ಬೆರಳಲ್ಲಿ ಚಿಮ್ಮಿಸಿ ಎಸೆದರೆ ಅದು ಗಾಳಿಯಲ್ಲಿ ಹಾವಿನಂತೆ ಹೊರಳುತ್ತದೆ, ಕೋಲಿಗೆ ಅದನ್ನು ತಾಗಿಸಿದವನಿಗೆ ಚೆಂಡು ಕುಂಬಳಕಾಯಿಯಷ್ಟು ದೊಡ್ಡದಾಗಿ ಕಾಣುತ್ತದೆ. ಹೊಡೆತ ಕಲಿಸುವ ದೊಡ್ಡ ಕೋಚ್ ಟ್ರಾಸ್ಕ್, ಅಮೆರಿಕದವನು, ಒಳ್ಳೆಯವನೇ, ಒಂದು ಸಂಜೆ ಆ ಆಟ ನೋಡಿ ಬೆರಗಾಗಿ ಇದನ್ನೂ ಪಾಠಕ್ಕೆ ಸೇರಿಸೋಣ ಎಂದು ಅವರ ದೇಶದಿಂದ ಪೆಟ್ಟಿಗೆಗಟ್ಟಲೆ ಮುಚ್ಚಳ ತರಿಸಿದ, ಎಲ್ಲಾ ಒಂದೇ ತೂಕ, ಒಂದೇ ಅಳತೆ, ಒಂದೂ ಹೊರಳಲಿಲ್ಲ, ಹಲಗೆಯ ಚೂರಿನಂತೆ ನೆಟ್ಟಗೆ ಹೋಗಿ ಬಿದ್ದವು, ಹುಡುಗರು ನೆಲದಲ್ಲಿ ಬಿದ್ದು ಹೊರಳಾಡಿ ನಕ್ಕರು, ಪಾಪ ಟ್ರಾಸ್ಕ್ ಕೂಡ ನಕ್ಕ.

ಟ್ರಾಸ್ಕ್‌ನ ಕೈಯಲ್ಲಿ ಯಾವಾಗಲೂ ಒಂದು ಟ್ಯಾಬ್, ಹೊಡೆದ ಚೆಂಡು ಎಷ್ಟು ವೇಗದಲ್ಲಿ ಹೊರಟಿತು, ಎಷ್ಟು ಮೇಲಕ್ಕೆ ಎದ್ದಿತು, ಎಲ್ಲ ಅದರಲ್ಲಿ ಬರುತ್ತದೆ, ಚೆನ್ನಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಹಸಿರು ಸಾಲದು ಎಂದು ಭಾರದ ಬ್ಯಾಟು, ಹಗುರದ ಬ್ಯಾಟು, ಒಂದು ಕಣ್ಣು ಮರೆಮಾಡುವ ಕನ್ನಡಕ, ತೂಗಿ ಬಡಿಸುವ ಊಟ, ಎರಡು ಗಂಟೆ ಇಂಗ್ಲಿಷ್ ಪಾಠ. ಮೂರು ಬೇಸಿಗೆ ನೋಡುತ್ತಾರೆ, ಮೂರನೆಯದರ ಕೊನೆಗೆ, ಆಗಸ್ಟ್‌ನ ಪರೀಕ್ಷೆ ಮುಗಿಯುವ ಹೊತ್ತಿಗೆ ಫ್ಲಾರಿಡಾಕ್ಕೆ ಹೋಗುವವರ ಪಟ್ಟಿಯಲ್ಲಿ ಹೆಸರಿದ್ದರೆ ಇದೆ, ಇಲ್ಲದಿದ್ದರೆ ಚೀಲ ಕಟ್ಟಬೇಕು. ಯೆಫ್ರಿಗೆ ಈಗ ಹತ್ತೊಂಬತ್ತು, ಇದು ಮೂರನೆಯದು. ಚಳಿಗಾಲದ ಕೊನೆಯಲ್ಲಿ ಅವನ ವೇಗದ ಅಂಕಿ ಎರಡು ಮೈಲಿ ಕಡಿಮೆ ಬಿದ್ದು ಕೆಂಪು ಬಂದಾಗ ಯಾರೂ ಹೇಳದೆ ತಾನೇ ಹಿಡಿತ ಬದಲಾಯಿಸಿಕೊಂಡ, ಬ್ಯಾಟಿನ ಹಿಡಿಯ ತುದಿಯ ಗುಂಡನೆಯ ಗುಬುಟನ್ನು ಎಡ ಅಂಗೈಯೊಳಗೇ ಅದುಮಿ, ಕಿರುಬೆರಳನ್ನು ಹೊರಗೆ ತೂಗಬಿಟ್ಟ, ಬೀಸು ಉದ್ದವಾಯಿತು, ಅಂಕಿ ಹಸಿರಾಯಿತು, ಟ್ರಾಸ್ಕ್ ಬೆನ್ನು ತಟ್ಟಿದ. ದಿನಕ್ಕೆ ಮುನ್ನೂರು ಸಲ ಆ ಗುಬುಟು ಅಂಗೈಯ ಅದೇ ಜಾಗಕ್ಕೆ, ಕಿರುಬೆರಳಿನ ಕೆಳಗೆ, ಗುದ್ದುತ್ತದೆ ಎಂದು ಟ್ಯಾಬ್ ಹೇಳುವುದಿಲ್ಲ, ಅದಕ್ಕೆ ಅದು ಗೊತ್ತಿಲ್ಲ, ಎಲಾದಿಯೊಗೆ ಗೊತ್ತಿತ್ತೇ, ಗೊತ್ತಿರಲಿಲ್ಲ, ಕಂಡಿದ್ದ ಅಷ್ಟೇ, ಕಾಣುವುದಕ್ಕೂ ಗೊತ್ತಿರುವುದಕ್ಕೂ ನಡುವೆ ಎಷ್ಟು ದೂರ. ಆವತ್ತು ಜೂನ್‌ನಲ್ಲಿ ಅಭ್ಯಾಸ ಮುಗಿದ ಮೇಲೆ ಓಣಿಯ ಹಿಂದಿನ ನಲ್ಲಿಯ ಹತ್ತಿರ ಹುಡುಗ ಎಡಗೈಯನ್ನು ನೀರಿಗೆ ಒಡ್ಡಿ ನಿಂತಿದ್ದ, ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಎಷ್ಟು ದಿನದಿಂದ, ಎಂದು ಎಲಾದಿಯೊ ಕೇಳಿದ, ಏನು ಎಂದು ಕೇಳಲಿಲ್ಲ. ಏನೂ ಇಲ್ಲ ಅಜ್ಜ, ಬೆವರು. ಬೆವರಿಗೆ ಹತ್ತು ನಿಮಿಷ ನಲ್ಲಿ ಬಿಡ್ತಾರಾ, ನನ್ ಹತ್ರ ಆಡ್ಬೇಡ. ಹುಡುಗ ನಲ್ಲಿ ನಿಲ್ಲಿಸಿದ, ಆಚೀಚೆ ನೋಡಿದ, ಮೂರು ವಾರ ಆಯ್ತು, ಹೊರಗಡೆ ಚೆಂಡಿಗೆ ಏನೂ ಆಗಲ್ಲ, ಮೈ ಕಡೆಗೆ ಬಂದ್ರೆ ಮಾತ್ರ ಅಂಗೈಲಿ ದಬ್ಬಣ ಚುಚ್ಚಿದ ಹಾಗೆ, ಅಜ್ಜ, ಆಗಸ್ಟ್ ಪರೀಕ್ಷೆ ಒಂದು ಆಗೋಗ್ಲಿ, ಆಮೇಲೆ ನಾನೇ ಹೇಳ್ತೀನಿ, ನೀನು ಹೇಳ್ಬೇಡ, ಟ್ರಾಸ್ಕ್‌ಗೆ ಹೇಳ್ಬೇಡ, ಸಣ್ಣ ಕೋಚ್ ಒಡಾಲಿಸ್‌ಗೂ ಹೇಳ್ಬೇಡ. ಎಲಾದಿಯೊ ಆ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ, ಹುಡುಗ ಉಸಿರು ಒಳಗೆಳೆದುಕೊಂಡ, ಕೂಗಲಿಲ್ಲ. ಹೇಳಲ್ಲ, ಎಂದ ಎಲಾದಿಯೊ. ಅದನ್ನು ಹೇಳಲು ಒಂದು ಗಳಿಗೆಯೂ ಹಿಡಿಯಲಿಲ್ಲ, ಅಷ್ಟು ಬೇಗ ಬಾಯಿಗೆ ಬಂದ ಮಾತು ನಲವತ್ತೆಂಟು ವರ್ಷದಿಂದ ಅಲ್ಲೇ ನಾಲಿಗೆಯ ಹಿಂದೆ ಕಾದು ಕೂತಿದ್ದಿರಬೇಕು.

ಯಾಕೆಂದರೆ ಅವನು ಹೇಳಿದ್ದ, ಒಂದು ಸಲ, ಇಪ್ಪತ್ತನೆಯ ವಯಸ್ಸಿನಲ್ಲಿ, ಆಡಲು ಅಮೆರಿಕಕ್ಕೆ ಹೋಗಿದ್ದಾಗ, ಉತ್ತರದ ಒಂದು ಊರಿನಲ್ಲಿ, ಏಪ್ರಿಲ್ ತಿಂಗಳಲ್ಲೂ ಮೈದಾನದ ಅಂಚಿನಲ್ಲಿ ಕೊಳಕು ಹಿಮ ಬಿದ್ದಿರುತ್ತಿತ್ತು, ಕೈಗೆ ಚೆಂಡು ತಾಗಿದರೆ ಗಾಜು ತಾಗಿದಂತೆ, ಬಾಡಿಗೆ ಮನೆಯ ಹೆಂಗಸು ಬೆಳಿಗ್ಗೆ ತಣ್ಣನೆ ಹಾಲಿನಲ್ಲಿ ಮೆಕ್ಕೆಜೋಳದ ಒಣ ಚಕ್ಕೆ ಸುರಿದು ಕೊಡುತ್ತಿದ್ದಳು, ಅಮ್ಮ ಮಾಡುವ ಬೇಯಿಸಿ ಹಿಸುಕಿದ ಬಾಳೆಕಾಯಿ ನೆನೆದು ಅವನು ಅದನ್ನು ಕಣ್ಣು ಮುಚ್ಚಿ ನುಂಗುತ್ತಿದ್ದ. ಭುಜ ಮಾರ್ಚ್‌ನಿಂದಲೇ ನೋಯುತ್ತಿತ್ತು. ಹೇಳಿದರೆ ಡಾಕ್ಟರು ನೋಡುತ್ತಾರೆ ಎಂದು ಅವನು ನಂಬಿದ್ದ, ನಂಬಿ, ಜೊತೆಗಾರನೊಬ್ಬನಿಂದ ನೋವು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿ ಕಲಿತು, ಹಾಸಿಗೆಯಲ್ಲಿ ಮಲಗಿ ಬಾಯಿಪಾಠ ಮಾಡಿ, ಬೆಳಿಗ್ಗೆ ತಂಡದ ಮ್ಯಾನೇಜರನ ಮುಂದೆ ನಿಂತು ಭುಜ ಮುಟ್ಟಿ ಆ ಒಂದು ಮಾತನ್ನು ಹೇಳಿದ, ಸರಿಯಾಗಿಯೇ ಹೇಳಿದ, ಆತ ತಲೆಯಾಡಿಸಿದ, ನಕ್ಕ ಕೂಡ. ಮಾರನೆ ದಿನ ಅವನ ಅಂಗಿ ನೇತು ಹಾಕುವ ಮೊಳೆಯಲ್ಲಿ ಬೇರೆಯವನ ಅಂಗಿ. ಎರಡು ಬಸ್ಸು, ಒಂದು ವಿಮಾನ, ಮತ್ತೆ ಒಂದು ಬಸ್ಸು, ಕಬ್ಬಿನ ಕೇರಿಯ ಮನೆಯ ಬಾಗಿಲಲ್ಲಿ ಅವನನ್ನು ಕಂಡ ಅಮ್ಮ ಗೋಡೆಗೆ ಸಿಕ್ಕಿಸಿದ್ದ ಅಪ್ಪನ ಕಬ್ಬಿನ ಕತ್ತಿಯನ್ನು ತೆಗೆದು ಒರೆಸಿ ಮೇಜಿನ ಮೇಲಿಟ್ಟಳು, ಹದಿನೇಳು ಹಂಗಾಮು ಅದೇ ಕತ್ತಿ. ಆಮೇಲೆ ಅಕಾಡೆಮಿ ಬಂತು, ಯಾರೋ ಹೇಳಿದರು ಅಲ್ಲಿ ಚೆಂಡು ಎಸೆಯುವವನು ಬೇಕಂತೆ ಎಂದು, ಹೋದ, ಎಸೆದ, ಕೆಟ್ಟ ಭುಜದಿಂದ ಪೂರ್ತಿ ವೇಗ ಬರುತ್ತಿರಲಿಲ್ಲ, ಅರ್ಧ ವೇಗ, ಹೊಡೆಯುವವನಿಗೆ ಬೇಕಾದಷ್ಟೇ ವೇಗ, ಇದೇ ಬೇಕಾಗಿತ್ತು ಎಂದರು ಅವರು. ನೋವೇ ಅವನಿಗೆ ಅನ್ನ ಕೊಟ್ಟಿತು, ನೋವಿನ ಬಗ್ಗೆ ಆಡಿದ ಮಾತು ಎಲ್ಲವನ್ನೂ ಕಿತ್ತುಕೊಂಡಿತು, ಅವನಿಗೆ ತಿಳಿದದ್ದು ಇಷ್ಟು, ಇಡೀ ಜನ್ಮಕ್ಕೆ ತಿಳಿದ ಒಂದೇ ಸಂಗತಿ, ಅದನ್ನೇ ಹುಡುಗನಿಗೆ ಕೊಟ್ಟ.

ಅವತ್ತಿನಿಂದ ಎಲಾದಿಯೊ ಹೊರಗಡೆಗೇ ಎಸೆದ, ಯಾರಿಗೂ ಸಂಶಯ ಬಾರದಷ್ಟು ಹೊರಗೆ, ಹೊಡೆಯುವವನ ಮುಂದೆ ನೆಲದಲ್ಲಿ ಹುಗಿದ ಬಿಳಿ ಹಲಗೆಯ ಆಚೆಯ ಅಂಚಿನಿಂದ ಎರಡು ಬೆರಳು ಒಳಗೆ, ನಾಲ್ಕು ಬೆರಳು ಒಳಗೆ, ಒಂದೊಂದು ಸಲ ನಡುವೆ, ಮೈ ಕಡೆಗೆ ಎಂದೂ ಇಲ್ಲ, ಬೇರೆ ಹುಡುಗರಿಗೆ ಎಲ್ಲ ಕಡೆಗೂ, ಯೆಫ್ರಿಗೆ ಮಾತ್ರ ಅವನ ಅಂಗೈ ಒಪ್ಪುವ ಕಡೆಗೆ, ಮೂವತ್ತೊಂದು ವರ್ಷದಲ್ಲಿ ಇಷ್ಟು ಚೆನ್ನಾಗಿ ಅವನು ಎಂದೂ ಎಸೆದಿರಲಿಲ್ಲ, ಹನ್ನೊಂದು ವಾರ, ಅದರ ಬಗ್ಗೆ ಒಳಗೊಳಗೇ ಒಂದು ಹೆಮ್ಮೆ ಕೂಡ ಇತ್ತಲ್ಲ, ಇತ್ತು, ಈಗ ನೆನೆದರೆ ಬಾಯಿ ಕಹಿಯಾಗುತ್ತದೆ. ಟ್ಯಾಬ್ ಹಸಿರೋ ಹಸಿರು. ಟ್ರಾಸ್ಕ್‌ನ ಮಾತನ್ನು ಸ್ಪ್ಯಾನಿಷಿಗೆ ತಿರುಗಿಸಿ ಹೇಳುವ ಸಣ್ಣ ಕೋಚ್ ಒಡಾಲಿಸ್ ಬಂದು, ದೊನ್ ಎಲಾದಿಯೊ, ನಿಮ್ಮ ಹುಡುಗ ಎಲ್ಲರಿಗಿಂತ ಮೇಲಿದಾನಂತೆ, ಏನು ಮಂತ್ರ ಹಾಕ್ತಿದೀರಿ ಚೆಂಡಿಗೆ, ಎಂದ, ಎಲಾದಿಯೊ ಟೋಪಿ ಸರಿಮಾಡಿಕೊಂಡು, ಉಗುಳು ಹಚ್ತೀನಿ ಕಣಪ್ಪ, ಎಂದ. ಪಂದ್ಯಗಳಲ್ಲಿ ಎದುರು ತಂಡದವರು ಎಲಾದಿಯೊನ ಮಾತು ಕೇಳುತ್ತಾರೆಯೇ, ಅವರು ಮೈ ಕಡೆಗೆ ಎಸೆಯುತ್ತಿದ್ದರು, ಆಗ ಯೆಫ್ರಿ ಬೀಸುತ್ತಲೇ ಇರಲಿಲ್ಲ, ಸುಮ್ಮನೆ ನಿಂತು ಬಿಟ್ಟುಬಿಡುತ್ತಿದ್ದ, ಕೆಲವು ಸಲ ಅದರಿಂದ ಔಟಾದ, ಹೆಚ್ಚು ಸಲ ಎಸೆಯುವವನೇ ನಾಲ್ಕು ಸಲ ಗುರಿ ತಪ್ಪಿ, ಹೊಡೆಯದೆಯೇ ಮೊದಲ ಬೇಸಿಗೆ ನಡೆದು ಹೋಗುವ ಅವಕಾಶವನ್ನು ಇವನಿಗೆ ಕೊಟ್ಟ, ಬೇಲಿಯ ಹಿಂದೆ ಬಿಸಿಲಲ್ಲಿ ಕೂತು ನೋಡುತ್ತಿದ್ದ ಎಲಾದಿಯೊ ಪ್ರತಿ ಸಲ ಟ್ರಾಸ್ಕ್‌ನ ಕಡೆ ತಿರುಗುತ್ತಿದ್ದ, ಇವತ್ತು ಸಿಕ್ಕಿಬಿದ್ದ, ಇವತ್ತು ಯಾರಾದರೂ ಕಂಡುಹಿಡಿಯುತ್ತಾರೆ, ಆದರೆ ಟ್ಯಾಬ್ ಅದನ್ನು ಬೇರೆ ರೀತಿ ಓದಿತು, ಒಡಾಲಿಸ್ ಖುಷಿಯಿಂದ ಬಂದು ಹೇಳಿದ, ನೋಡಿ ದೊನ್, ಹೋದ ವರ್ಷ ಸಿಕ್ಕಿದ್ದಕ್ಕೆಲ್ಲ ಬೀಸ್ತಿದ್ದ, ಈಗ ಕೆಟ್ಟ ಚೆಂಡು ಬಿಡೋದು ಕಲ್ತಿದಾನೆ, ತಾಳ್ಮೆ ಬಂದಿದೆ ಅಂತಾರೆ ಟ್ರಾಸ್ಕ್. ತಾಳ್ಮೆ. ನೋವಿಗೆ ಅಲ್ಲಿ ತಾಳ್ಮೆ ಎಂದು ಹೆಸರಿಟ್ಟು ಹಸಿರು ಬಳಿದಿದ್ದರು. ಅಡುಗೆಯ ಎನೆರೀದಾ ಒಬ್ಬಳೇ, ಟ್ಯಾಬ್ ಇಲ್ಲದವಳು, ಅನ್ನವನ್ನು ತಕ್ಕಡಿಯಲ್ಲಿ ತೂಗುತ್ತಾ, ಹುಡುಗ್ರಿಗೆ ಬಡಿಸ್ತಿದೀನೋ ಕೋಳಿಗೆ ಮೇವು ಹಾಕ್ತಿದೀನೋ ದೇವರೇ ಬಲ್ಲ ಎಂದು ಗೊಣಗುತ್ತಾ, ನಡುವೆ ತಲೆಯೆತ್ತಿ, ಎಲಾದಿಯೊ, ಆ ಯೆಫ್ರಿ ತಟ್ಟೆನ ಎಡಗೈಲಿ ಹಿಡಿಯೋದೇ ಬಿಟ್ಟಿದಾನೆ, ಮೊಣಕೈ ಮೇಲೆ ಇಟ್ಕೊಂಡು ಹೋಗ್ತಾನೆ, ನೋಡಿದ್ಯಾ, ಎಂದಳು. ಬಿಸಿ ಇತ್ತೇನೋ, ಎಂದ ಎಲಾದಿಯೊ. ತಣ್ಣಗಿರೋ ತಟ್ಟೆ ಕಣಯ್ಯ. ಹಾಗಾದ್ರೆ ಸೋಮಾರಿ. ಅವಳು ಅವನ ಮುಖವನ್ನೇ ನೋಡಿದಳು, ಇನ್ನೊಂದು ಸೌಟು ಬೆಂದ ಕಾಳು ಅವನ ತಟ್ಟೆಗೆ ಹಾಕಿದಳು, ಇನ್ನೇನೂ ಹೇಳಲಿಲ್ಲ, ಹೇಳಿದ್ದರೆ ಚೆನ್ನಾಗಿತ್ತು, ಅವಳಾದರೂ ಹೇಳಬಹುದಿತ್ತು — ನೋಡು, ಈಗ ಅವಳ ಮೇಲೆ ಹಾಕುತ್ತಿದ್ದೇನೆ, ಅನ್ನ ಬಡಿಸುವವಳ ಮೇಲೆ, ಎಂದುಕೊಳ್ಳುತ್ತಾನೆ ಎಲಾದಿಯೊ.

ಆಗಸ್ಟ್ ಇಪ್ಪತ್ತು, ಬುಧವಾರ, ಪರೀಕ್ಷೆ. ಅಮೆರಿಕದಿಂದ ಇನ್ನಿಬ್ಬರು ಬಂದಿದ್ದರು, ಬಿಳಿ ಅಂಗಿ, ಕುತ್ತಿಗೆಯಲ್ಲಿ ತೂಗುವ ಗುರುತಿನ ಚೀಟಿ. ಎಲಾದಿಯೊ ಐದು ಗಂಟೆಗೇ ಎದ್ದು ಭುಜಕ್ಕೆ ಎಣ್ಣೆ ತಿಕ್ಕಿಕೊಂಡು ಬಂದಿದ್ದ, ಪ್ರತಿ ವರ್ಷ ಪರೀಕ್ಷೆಗೆ ಎಸೆಯುವುದು ಅವನೇ, ಇಪ್ಪತ್ತು ಚೆಂಡು, ಇಪ್ಪತ್ತೂ ಎಲ್ಲೆಲ್ಲಿಗೆ ಎಂದು ಮಲಗಿದಲ್ಲೇ ಯೋಚಿಸಿಟ್ಟಿದ್ದ, ಬಂದು ನೋಡಿದರೆ ಅಡ್ಡಬಲೆಯನ್ನು ಬದಿಗೆ ಸರಿಸಿದ್ದಾರೆ, ಅಲ್ಲಿ ಅತ್ತೆ ನಿಂತಿದ್ದಾಳೆ. ಮೂರು ಚಕ್ರದ ಆ ಎಸೆಯುವ ಯಂತ್ರಕ್ಕೆ ಹುಡುಗರು ಅತ್ತೆ ಎಂದು ಹೆಸರಿಟ್ಟಿದ್ದರು, ಯಾರ ಮಾತೂ ಕೇಳಲ್ಲ, ಹೊಡೆದರೂ ಸುಮ್ಮನಾಗಲ್ಲ. ನೀವು ಇವತ್ತು ಆರಾಮಾಗಿ ಕೂತ್ಕೊಳ್ಳಿ ದೊನ್, ಎಂದ ಒಡಾಲಿಸ್, ಈ ವರ್ಷದಿಂದ ಎಲ್ಲರಿಗೂ ಒಂದೇ ಥರ ಬರ್ಲಿ ಅಂತ ಮಿಷಿನ್ನು, ಮತ್ತೆ ಒಬ್ಬೊಬ್ಬನಿಗೂ ಅವನು ಎಲ್ಲಿ ಕಡಿಮೆ ಬೀಸ್ತಾನೋ ಅಲ್ಲಿಗೇ ಹಾಕಿ ನೋಡ್ತಾರಂತೆ, ಯೆಫ್ರಿಗೆ ಎಲ್ಲಾ ಮೈ ಕಡೆಗೆ, ಇಪ್ಪತ್ತೂ, ಅದೊಂದು ಬಂದ್ಬಿಟ್ರೆ ಹುಡುಗನ್ನ ಹಿಡಿಯೋರಿಲ್ಲ, ಫ್ಲಾರಿಡಾ ಗಟ್ಟಿ. ಎಲಾದಿಯೊ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ಕೈಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಯೆಫ್ರಿ ಒಳಗೆ ಬಂದು ಯಂತ್ರ ನೋಡಿದ, ಆಮೇಲೆ ಎಲಾದಿಯೊನನ್ನು ನೋಡಿದ, ಆ ನೋಟ ಏನು ಕೇಳಿತು, ಹೇಳು ಎಂದಿತೇ, ಹೇಳಬೇಡ ಎಂದಿತೇ, ಎರಡೂ ಒಂದೇ ಥರ ಕಾಣುತ್ತವೆ ಹತ್ತೊಂಬತ್ತರ ಮುಖದಲ್ಲಿ. ಮೊದಲನೆಯದು. ಸೀಳು ಸದ್ದು. ಎರಡನೆಯದು. ಅಂಗೈ ತೊಡೆಗೆ. ಎದ್ದು ನಿಂತ ಎಲಾದಿಯೊ, ಬಾಯಿ ತೆರೆದ, ಒಡಾಲಿಸ್ ತಿರುಗಿ, ಏನು ದೊನ್, ಎಂದು ಕೇಳಿದ, ಬಿಳಿ ಅಂಗಿಯವರೂ ತಿರುಗಿದರು, ನಲವತ್ತೆಂಟು ವರ್ಷದ ಹಿಂದಿನ ಆ ಮ್ಯಾನೇಜರನ ನಗು, ಮೊಳೆಯಲ್ಲಿ ಬೇರೆಯವನ ಅಂಗಿ, ಹೇಳಿದರೆ ಈ ಕ್ಷಣವೇ ಮುಗಿಯುತ್ತದೆ, ಇನ್ನು ಹದಿನೆಂಟು ಚೆಂಡು ತಾನೆ, ಹದಿನೆಂಟು ತಡೆದರೆ ಫ್ಲಾರಿಡಾ — ಏನಿಲ್ಲ, ಚಕ್ರ ಸ್ವಲ್ಪ ಅಲ್ಲಾಡ್ತಿದೆ ಅನ್ಸತ್ತೆ, ನೋಡಿ, ಎಂದ. ಒಡಾಲಿಸ್ ಚಕ್ರ ನೋಡಿದ, ಸರಿಯಾಗೇ ಇದೆ ದೊನ್. ಮತ್ತೆ ಕೂತ. ಐದು, ಆರು, ಏಳು, ಹುಡುಗ ಹೊಡೆಯುತ್ತಿದ್ದಾನೆ, ಹಲ್ಲು ಕಚ್ಚಿ ಹೊಡೆಯುತ್ತಿದ್ದಾನೆ, ಟ್ರಾಸ್ಕ್ ತಲೆಯಾಡಿಸುತ್ತಿದ್ದಾನೆ, ಹತ್ತಕ್ಕೆ ಹಸಿರು, ಹನ್ನೊಂದಕ್ಕೆ ಹಸಿರು, ಪ್ರತಿ ಸಲವೂ ಅಂಗೈ, ತೊಡೆ, ಮೇಲಿನಿಂದ ಕೆಳಕ್ಕೆ, ಹನ್ನೆರಡನೆಯದು. ಒಣಗಿದ ಕಬ್ಬಿನ ಜಲ್ಲೆಯನ್ನು ಮೊಣಕಾಲಿಗೆ ಕೊಟ್ಟು ಮುರಿದಂಥ ಸದ್ದು, ಬ್ಯಾಟು ಮುರಿಯಿತು ಎಂದುಕೊಂಡರು ಎಲ್ಲರೂ, ಬ್ಯಾಟು ನೆಲದ ಮೇಲೆ ಉರುಳಿತು, ಇಡಿಯಾಗಿಯೇ ಇತ್ತು. ಯಂತ್ರ ಇನ್ನೊಂದು ಚೆಂಡು ಎಸೆಯಿತು, ಖಾಲಿ ಜಾಗಕ್ಕೆ, ಆಮೇಲೆ ಇನ್ನೊಂದು, ಯಾರೋ ಓಡಿ ಹೋಗಿ ತಂತಿ ಕಿತ್ತರು.

ಎಲುಬು ಇವತ್ತು ಮುರಿದದ್ದಲ್ಲ, ಎಂದರಂತೆ ರಾಜಧಾನಿಯ ಆಸ್ಪತ್ರೆಯಲ್ಲಿ, ಅಂಗೈಯೊಳಗೆ ಕೊಕ್ಕೆಯಂಥ ಒಂದು ಸಣ್ಣ ಎಲುಬು, ಅದು ಬೇಸಿಗೆಯ ಶುರುವಿನಲ್ಲೇ ಬಿರಿದಿದೆ, ಬಿರಿದ ಅಂಚು ಗರಗಸದ ಹಾಗೆ ಬೆರಳು ಮಡಚುವ ಸ್ನಾಯುವಿನ ಹುರಿಯನ್ನು ವಾರಗಟ್ಟಲೆ ತೇಯ್ದಿದೆ, ಇವತ್ತು ಹರಿಯಿತು, ಕೊನೆಯ ಎರಡು ಬೆರಳು ಮಡಚುವುದಿಲ್ಲ, ಹೊಲಿದರೆ ಚಮಚ ಹಿಡಿಯಬಹುದು, ಬಾಗಿಲು ತೆಗೆಯಬಹುದು. ಬ್ಯಾಟಿನ ಮಾತನ್ನು ಅವರು ಎತ್ತಲಿಲ್ಲವಂತೆ, ಯಾರೂ ಕೇಳಲೂ ಇಲ್ಲವಂತೆ. ಶುಕ್ರವಾರ ಹೊಲಿದರು. ಅವತ್ತು ಮಧ್ಯಾಹ್ನ ಟ್ರಾಸ್ಕ್ ಬಂದು ಎಲಾದಿಯೊನ ಪಕ್ಕದಲ್ಲಿ ಇನ್ನೊಂದು ಬಕೆಟ್ ಬೋರಲು ಹಾಕಿ ಕೂತ, ಟ್ಯಾಬ್ ತಂದಿರಲಿಲ್ಲ, ಕಣ್ಣು ಕೆಂಪಗಿತ್ತು, ಕೈಯಲ್ಲಿ ಒಂದು ಹಳೇ ಮುಚ್ಚಳ, ಹೊರಳದ ಮುಚ್ಚಳ, ಅದನ್ನೇ ತಿರುಗಿಸುತ್ತಾ ಮಾತಾಡಿದ, ಒಡಾಲಿಸ್ ನಿಂತುಕೊಂಡೇ ತಿರುಗಿಸಿ ಹೇಳಿದ, ಜೂನ್‌ನಲ್ಲೇ ಹೇಳಿದ್ರೆ ಆ ಚೂರು ಎಲುಬನ್ನ ತೆಗೆದುಬಿಡ್ತಿದ್ವಿ ಅಂತಿದಾರೆ, ಸಣ್ಣ ಆಪರೇಷನ್ನು, ಎಷ್ಟೋ ಹುಡುಗ್ರಿಗೆ ಆಗತ್ತಂತೆ, ಆರು ವಾರ, ಆರು ವಾರಕ್ಕೆ ಮತ್ತೆ ಬ್ಯಾಟು ಹಿಡೀತಿದ್ದ, ಪಟ್ಟಿ ಅವನಿಗೋಸ್ಕರ ಕಾಯ್ತಿತ್ತು ಅಂತಾರೆ, ಹೇಳೋಕೇನಾಗಿತ್ತು ಅವನಿಗೆ ಅಂತ ಕೇಳ್ತಿದಾರೆ. ಆರು ವಾರ. ಆ ಮಾತು ನಿಜವೇ, ಈಗ ಹೇಳುವುದು ಸುಲಭ, ಆಗ ಹೇಳಿದ್ದರೆ ಇದೇ ಬಾಯಿ ಏನು ಹೇಳುತ್ತಿತ್ತೋ, ನಿಜವಿದ್ದರೂ ಇರಬಹುದು, ಕಾಲ ಬದಲಾಗಿರಬಹುದು, ಕಾಲ ಬದಲಾದದ್ದನ್ನು ಅಡ್ಡಬಲೆಯ ಹಿಂದೆ ನಿಂತವನಿಗೆ ಯಾರು ಹೇಳಬೇಕಿತ್ತು. ಟ್ರಾಸ್ಕ್ ಇನ್ನೊಂದು ಮಾತು ಕೇಳಿದ, ಒಡಾಲಿಸ್ ಅದನ್ನೂ ತಿರುಗಿಸಿದ, ದಿನಾ ಅವನಿಗೆ ಎಸೀತಿದ್ದೋರು ನೀವು, ನಿಮಗೇನಾದ್ರೂ ಕಂಡಿತ್ತಾ. ತಗಡಿನ ಮಾಡಿನ ಮೇಲೆ ಮಧ್ಯಾಹ್ನದ ಮಳೆಯ ಮೊದಲ ಹನಿಗಳು ಬಿದ್ದವು, ನಾಲ್ಕೋ ಐದೋ. ಇಲ್ಲ, ಎಂದ ಎಲಾದಿಯೊ. ಟ್ರಾಸ್ಕ್ ಅವನ ಮೊಣಕಾಲು ತಟ್ಟಿ ಎದ್ದು ಹೋದ, ಸಮಾಧಾನ ಮಾಡುವವನ ಹಾಗೆ, ಆ ತಟ್ಟಿದ ಜಾಗ ಸಂಜೆಯವರೆಗೂ ಸುಡುತ್ತಿತ್ತು. ಅಂದರೆ ಹುಡುಗ ಹೇಳಿಲ್ಲ. ಅಜ್ಜನಿಗೆ ಗೊತ್ತಿತ್ತು ಎಂದು ಆಸ್ಪತ್ರೆಯ ಮಂಚದಿಂದ ಒಂದು ಮಾತು ಹೇಳಬಹುದಿತ್ತು, ಹೇಳಿಲ್ಲ, ಹೇಳದಿರುವುದನ್ನು ಅವನು ಅಷ್ಟು ಚೆನ್ನಾಗಿ ಕಲಿತಿದ್ದ.

ಇವತ್ತು ಸೋಮವಾರ, ಮತ್ತೆ ಆರೂವರೆ, ಮತ್ತೆ ಇಬ್ಬನಿ, ಅಡ್ಡಬಲೆ ಮತ್ತೆ ಅದರ ಜಾಗದಲ್ಲಿದೆ, ಎದುರಿಗೆ ಹೊಸ ಹುಡುಗ, ಹದಿನೇಳು ವರ್ಷ, ಯೆಫ್ರಿ ಮಲಗುತ್ತಿದ್ದ ಹಾಸಿಗೆಯನ್ನೇ ಅವನಿಗೆ ಕೊಟ್ಟಿದ್ದಾರೆ, ಕೈ ಎರಡೂ ಗಟ್ಟಿಯಾಗಿವೆ, ಕಾಲಿನಿಂದ ಮಣ್ಣು ಕೆದಕಿಕೊಂಡು ನಿಂತಿದ್ದಾನೆ, ಎಲಾದಿಯೊ ಎಸೆಯುತ್ತಾನೆ, ಹೊರಗಡೆ, ಇನ್ನೊಂದು, ಹೊರಗಡೆ, ಬಕೆಟ್ ಅರ್ಧ ಖಾಲಿಯಾದರೂ ಎಲ್ಲವೂ ಹೊರಗಡೆಗೇ ಹೋಗುತ್ತಿವೆ, ಅಜ್ಜ, ಮೈ ಕಡೆ ಒಂದು ಹಾಕು, ಎಂದು ಹುಡುಗ ಕೂಗುತ್ತಾನೆ, ಹಾಕ್ತೀನಿ ಇರು, ಎನ್ನುತ್ತಾನೆ, ಮನಸ್ಸಿನಲ್ಲಿ ಗುರಿ ಹಿಡಿಯುತ್ತಾನೆ, ಭುಜ ತಿರುಗುತ್ತದೆ, ಬೆರಳು ಕೊನೆಯ ಗಳಿಗೆಯಲ್ಲಿ ತಾನೇ ಹೊರಳಿಸುತ್ತದೆ, ಹೊರಗಡೆ. ಏನಾಯ್ತಜ್ಜ, ವಯಸ್ಸಾಯ್ತಾ, ಎಂದು ಹುಡುಗ ನಗುತ್ತಾನೆ, ಹಿಂದೆ ಸರದಿಗೆ ಕಾಯುತ್ತಿರುವವರೂ ನಗುತ್ತಾರೆ. ನಾಲ್ಕು ದಿನದ ಹಿಂದೆ ಈ ಓಣಿಯ ಬಾಯಿಯಲ್ಲೇ ಯೆಫ್ರಿ ಬಂದು ನಿಂತಿದ್ದ, ಹೆಗಲಲ್ಲಿ ಒಂದೇ ಚೀಲ, ಎಡಗೈಗೆ ಮೊಣಕೈವರೆಗೆ ಬಿಳಿ ಪಟ್ಟಿ, ಎರಡು ಬೆರಳ ತುದಿ ಹೊರಗೆ, ಊದಿಕೊಂಡು, ಬೇರೆ ಯಾರದೋ ಬೆರಳಿನ ಹಾಗೆ. ಆಚೆ ದಾರಿಯಲ್ಲಿ ಬಾಡಿಗೆ ಬೈಕಿನವನು ಇಂಜಿನ್ ನಿಲ್ಲಿಸದೆ ಕಾಯುತ್ತಿದ್ದ. ಎನೆರೀದಾ ದಾರಿಗೆಂದು ಕಟ್ಟಿಕೊಟ್ಟ ಪೊಟ್ಟಣ ಚೀಲದ ಬಾಯಲ್ಲಿ ಕಾಣುತ್ತಿತ್ತು, ತೂಗದೆ ಕಟ್ಟಿದ್ದಿರಬೇಕು, ದಪ್ಪಗಿತ್ತು. ಆರು ವಾರ ಅಂತೆ ಅಜ್ಜ, ಎಂದ ಹುಡುಗ. ಹೂಂ. ನಿಂಗೆ ಗೊತ್ತಿತ್ತಾ ಅದು. ಇಲ್ಲ ಮಗಾ. ನಂಗೂ ಗೊತ್ತಿರ್ಲಿಲ್ಲ, ಎಂದ, ಸಿಟ್ಟಿರಲಿಲ್ಲ ಅದರಲ್ಲಿ, ಸಿಟ್ಟಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು, ಇಬ್ಬರೂ ಒಂದೇ ಬಸ್ಸು ತಪ್ಪಿಸಿಕೊಂಡವರ ಹಾಗೆ ಹೇಳಿದ. ಬರ್ತೀನಿ. ಎಲಾದಿಯೊ ಕೈಯಲ್ಲಿದ್ದ ಚೆಂಡನ್ನು ಕೊಡಲು ಹೋದ, ಯಾವ ಕೈಗೆ ಕೊಡಬೇಕೆಂದು ತಿಳಿಯದೆ ಹಿಂದಕ್ಕೆಳೆದುಕೊಂಡ. ಹುಡುಗ ತಿರುಗಿದ, ನಾಲ್ಕು ಹೆಜ್ಜೆ ಹೋದ, ಬೈಕಿನ ಹತ್ತಿರ ನಿಂತ, ಹತ್ತುವ ಮುಂಚೆ ಏನೂ ಯೋಚಿಸದೆ — ಅಜ್ಜ, ಒಂದೇ ಒಂದು, ಮೈ ಕಡೆ, ಎಂದು ಹೊಸಬ ಮತ್ತೆ ಕೇಳುತ್ತಿದ್ದಾನೆ, ಕೈಯಲ್ಲಿ ಚೆಂಡು ಇದೆ, ಭುಜ ಏಳುತ್ತಿಲ್ಲ — ಗುರುವಾರ ಯೆಫ್ರಿ ಹೋದ, ಆಗಸ್ಟ್ ಇಪ್ಪತ್ತೆಂಟು, ಗುರುವಾರ, ಪಟ್ಟಿ ಕಟ್ಟಿದ ಅಂಗೈ, ತೊಡೆ, ಮೇಲಿನಿಂದ ಕೆಳಕ್ಕೆ, ಒಂದೇ ಸಲ.